ಮೂರು ಗಿಂಡಿ ನೀರು

ಕುರ್ತಕೋಟಿಯ ಆ ಓಣಿಯಲ್ಲಿ ಯಾರ ಮನೆಯ ಹೆಣ್ಣುಮಗಳು ಹಡೆದರೂ, ಪೇಢೆಯ ಡಬ್ಬಿ ಬಿಚ್ಚುವ ಮೊದಲು ಒಬ್ಬರು ತಿಪ್ಪವ್ವನ ಮನೆಯತ್ತ ಓಡುತ್ತಿದ್ದರು. "ಆಯಿ, ಗಿಂಡಿ ಬೇಕಾಗಿತ್ತರಿ" ಅಂದರೆ ಸಾಕು, ಹುಟ್ಟಿದ್ದು ಗಂಡೋ ಹೆಣ್ಣೋ ಎಂದೂ ಕೇಳದೆ ತಿಪ್ಪವ್ವ ಎದ್ದುಬಿಡುತ್ತಿದ್ದಳು. ಅಡುಗೆಮನೆಯ ಮೊಳೆಗೆ ತೂಗುತ್ತಿದ್ದ ತಾಮ್ರದ ಗಿಂಡಿಯನ್ನು ಇಳಿಸಿ, ಹುಣಸೆಹಣ್ಣು ಹಚ್ಚಿ ಬೆಳಗಿ, ಸೆರಗಿನಲ್ಲಿ ಒರೆಸಿ, ಅದನ್ನು ಹಿಡಿದುಕೊಂಡು ತಾನೇ ಹೊರಡುತ್ತಿದ್ದಳು. ಎಪ್ಪತ್ನಾಲ್ಕು ವರ್ಷದ ಮುದುಕಿ ನಡೆಯುವ ರಭಸ ನೋಡಿದರೆ ಹಡೆದವಳು ಅವಳದೇ ಮಗಳು ಅನ್ನಬೇಕು.

ಗಿಂಡಿಯೇನು ದೊಡ್ಡದಲ್ಲ. ಎರಡು ಕಪ್ಪು ಚಹಾ ಸುರಿದರೆ ತುಂಬಿ ಹೋಗುವಂಥದ್ದು. ತಿಪ್ಪವ್ವನಿಗೆ ಅದು ಅತ್ತೆಯಿಂದ ಬಂದಿತ್ತು, ಆ ಅತ್ತೆಗೆ ಅವರ ಅತ್ತೆಯಿಂದ. ಬಾಣಂತಿಗೆ ದಿನಕ್ಕೆ ಮೂರು ಗಿಂಡಿ ಕಾಯಿಸಿದ ನೀರು: ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ದೀಪ ಹಚ್ಚುವ ಹೊತ್ತಿಗೆ ಒಂದು. ನಾಲ್ಕನೆಯದು ಇಲ್ಲ. ಹೆಚ್ಚು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಹಸಿಮೈಗೆ ಶೀತವಾಗುತ್ತದೆ, ಕೂಸಿಗೆ ನೆಗಡಿ ಬರುತ್ತದೆ, ಶೀತ ನೆತ್ತಿಗೇರಿದರೆ ಬಾಣಂತಿ ಸನ್ನಿಯೇ ಗತಿ. ಇದು ಓಣಿಯ ಕಾನೂನು. ತಿಪ್ಪವ್ವ ಅದರ ಪೊಲೀಸು.

ಹಾಗೆಂದು ಅವಳನ್ನು ಕಲ್ಲೆದೆಯವಳೆಂದು ಯಾರೂ ತಿಳಿಯಬಾರದು. ಬಾಣಂತಿಯ ಸೊಂಟಕ್ಕೆ ಎಣ್ಣೆ ತಿಕ್ಕುವುದರಲ್ಲಿ ಅವಳ ಕೈಗೆ ಸಮನಾದ ಕೈ ಸುತ್ತಲಿನ ನಾಲ್ಕು ಹಳ್ಳಿಯಲ್ಲಿ ಇರಲಿಲ್ಲ. ಅವಳು ಮಲಗುವ ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟು, ಅಂಟಿನ ಉಂಡಿ ಕಟ್ಟಿ, ಬೆಳ್ಳುಳ್ಳಿ ಹುರಿದು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತ ಅದರ ಜೊತೆ ಜಗಳವಾಡುತ್ತ ಕೂತರೆ ಅವಳಿಗೆ ಊಟದ ನೆನಪೂ ಆಗುತ್ತಿರಲಿಲ್ಲ. ಯಾರ ಮನೆಯಿಂದಲೂ ಒಂದು ಕುಪ್ಪಸದ ಬಟ್ಟೆಗಿಂತ ಹೆಚ್ಚು ತೆಗೆದುಕೊಂಡವಳಲ್ಲ. ಅವಳು ಮಾಡುತ್ತಿದ್ದ ಕೆಡುಕೆಲ್ಲ ಪ್ರೀತಿಯಿಂದಲೇ ಆಗುತ್ತಿತ್ತು, ಅದಕ್ಕೇ ಅದನ್ನು ಕೆಡುಕೆಂದು ಯಾರೂ ಗುರುತಿಸಲಿಲ್ಲ.

ಅವಳು ಎರೆದು ಬೆಳೆಸಿದ ಕೂಸುಗಳಲ್ಲಿ ಅಖ್ತರಿಯೂ ಒಬ್ಬಳು. ಓಣಿಯ ತುದಿಯ ದರ್ಜಿ ಶೇಖಸಾಬನ ಮಗಳು. ನರ್ಸಿಂಗ್ ಓದಿ, ಬೆಟಗೇರಿಯಲ್ಲಿ ಮನೆ ಮಾಡಿಕೊಂಡಿದ್ದಳು. ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಬಾಣಂತಿಯರ ಆರೋಗ್ಯದ ಮೇಲೆ ಒಂದು ಅಧ್ಯಯನ ನಡೆದಿತ್ತು. ಅದರಲ್ಲಿ ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ ಅಖ್ತರಿಯದು. ಬಾಣಂತಿ ಏನು ಉಣ್ಣುತ್ತಾಳೆ, ಎಷ್ಟು ನಿದ್ದೆ, ಎಷ್ಟು ನೀರು, ಮನಸ್ಸು ಹೇಗಿದೆ, ಎಲ್ಲ ಕೇಳಬೇಕು. ಯಾವ ಊರಿನಲ್ಲಿ ತಿಳಿವಳಿಕೆ ಕಡಿಮೆಯಿದೆಯೋ ಆ ಊರಿಗೆ ಆಮೇಲೆ ಡಾಕ್ಟರರು ಬಂದು ಹೆಂಗಸರ ಸಭೆ ಮಾಡುತ್ತಾರೆ.

ಮೊದಲ ದಿನ ಅವಳು ಬಂದು ಕೂತದ್ದು ತಿಪ್ಪವ್ವನ ಕಟ್ಟೆಯ ಮೇಲೆಯೇ.

"ಆಯಿ, ನಿನ್ನ ಎಣ್ಣಿ, ನಿನ್ನ ಉಂಡಿ, ಬಿಸಿನೀರಿನ ಸ್ನಾನ ಎಲ್ಲಾ ಇರ್ಲಿ. ನಂಗ ಬ್ಯಾರೆ ತಕರಾರಿಲ್ಲ. ನೀರೊಂದು ಕೇಳಿದಷ್ಟು ಕೊಡು. ಕೂಸು ಕುಡಿಯೂ ಹಾಲು ಎಲ್ಲಿಂದ ಬರ್ತೈತಿ? ತಾಯಿ ಮೈಯಾಗ ನೀರಿದ್ರಲ್ಲೇನು? ದಿನಕ್ಕ ಎಂಟು-ಹತ್ತು ಗ್ಲಾಸರ ಬೇಕು."

"ಹತ್ತು ಗ್ಲಾಸು!" ತಿಪ್ಪವ್ವ ಗಲ್ಲಕ್ಕೆ ಬೆರಳಿಟ್ಟಳು. "ಬಾಣಂತಿಗೆ ಕುಡಸ್ತೀಯೋ, ಎಮ್ಮಿಗೆ ಕುಡಸ್ತೀಯೋ? ನಿಮ್ಮವ್ವಗ ಮೂರs ಗಿಂಡಿ ಕೊಟ್ಟಿದ್ದೆ. ನೀ ಏನ್ ಒಣಗಿ ಹೋದ್ಯಾ? ಗುಂಡಕಲ್ಲಿನಂಗ ಕುಂತೀಯಲ್ಲ ಇಲ್ಲೆ!"

ಅಖ್ತರಿಗೆ ನಗು ತಡೆಯಲಿಲ್ಲ. ಆದರೆ ಹೋಗುವಾಗ ಅವಳ ಮುಖ ಸಣ್ಣದಾಗಿತ್ತು. ಪಕ್ಕದ ಮನೆಯ ಫಕ್ಕೀರವ್ವ ಅದನ್ನು ಗಮನಿಸಿದ್ದಳು.

"ಆಯಿ, ನೀವು ಮೂರು ಅಂದ್ರಿ, ಹುಡುಗಿ ಮಾರಿ ಬಾಡಿತು ನೋಡ್ರಿ. ಅದು ಪರೀಕ್ಷಾ ಇದ್ದಂಗ ಐತಿ. ನಾವು ಕಡಿಮಿ ಹೇಳಿದ್ರ ಆಕಿಗೆ ಮಾರ್ಕ್ಸ್ ಕಡಿಮಿ ಬೀಳ್ತಾವೇನೋ!"

ತಿಪ್ಪವ್ವ ಕಟ್ಟೆಯಿಂದ ಎದ್ದೇ ಬಿಟ್ಟಳು. ತನ್ನ ಕೈಯಲ್ಲಿ ಎರೆಸಿಕೊಂಡ ಹುಡುಗಿ, ತನ್ನ ಒಂದು ಮಾತಿನಿಂದ ನಪಾಸಾಗಬೇಕೆ? ಅಂದೇ ಸಂಜೆ ಕೋಲು ಹಿಡಿದು ಓಣಿಯ ಮನೆಮನೆಗೂ ಹೋದಳು. "ಅಖ್ತರಿ ಬಂದು ನೀರು ಕೇಳಿದ್ರ ಹತ್ತು ಗ್ಲಾಸು ಅನ್ರಿ. ಹನ್ನೊಂದು ಅನ್ನಬ್ಯಾಡ್ರಿ, ಸುಳ್ಳಂತ ಗೊತ್ತಾಗ್ತೈತಿ. ಆಕಿ ನಮ್ಮ ಹುಡುಗಿ."

ಮುಂದಿನ ವಾರ ಅಖ್ತರಿ ಬಂದಾಗ ಎರಡು ವರ್ಷದಲ್ಲಿ ಹಡೆದವರಿದ್ದ ಓಣಿಯ ಇಪ್ಪತ್ಮೂರು ಮನೆಯವರೂ ಹತ್ತು ಗ್ಲಾಸು ಅಂದರು. ಹುಡುಗಿಯ ಮುಖ ಅರಳಿತು. ನೋಡಿ ಓಣಿಗೆ ಓಣಿಯೇ ಹಿಗ್ಗಿತು. ಗಿಂಡಿ ಮಾತ್ರ ಇದ್ದ ಮೊಳೆಯಲ್ಲೇ ಇತ್ತು, ಮೂರು ಸಲವೇ ತುಂಬುತ್ತಿತ್ತು.

ಆ ದಿನಗಳಲ್ಲೇ ತಿಪ್ಪವ್ವನ ಮೊಮ್ಮಗಳು ಪ್ರಿಯಾಂಕಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಗ ತಿರಕಪ್ಪನ ಒಬ್ಬಳೇ ಮಗಳು. ಗಂಡ ಸೋಮೇಶ ಲಕ್ಷ್ಮೇಶ್ವರದವನು, ಬಸ್ಸಿನ ಕಂಡಕ್ಟರ್. ಗದಗಿನ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹುಟ್ಟಿತು, ಸುಖವಾದ ಹೆರಿಗೆ. ನಾಲ್ಕನೆಯ ದಿನ ಮನೆಗೆ ಕರೆತಂದಾಗ ತಿಪ್ಪವ್ವ ಹೊಸ್ತಿಲಲ್ಲೇ ನಿಂತು ಮರಿಮೊಮ್ಮಗಳ ಮೂಗು, ಕಿವಿ, ಕಾಲ್ಬೆರಳು ಎಲ್ಲ ತಪಾಸಣೆ ಮಾಡಿ, "ಮೂಗೊಂದು ಅವರಪ್ಪಂದು, ಉಳಿದದ್ದೆಲ್ಲಾ ಚಲೋ ಐತಿ" ಎಂದು ತೀರ್ಪು ಕೊಟ್ಟಳು. ಸೋಮೇಶ ತನ್ನ ಮೂಗು ಮುಟ್ಟಿ ನೋಡಿಕೊಂಡ.

ಗಿಂಡಿ ಈಗ ಸ್ವಂತ ಮನೆಯಲ್ಲೇ ಕೆಲಸಕ್ಕೆ ನಿಂತಿತು. ಶೇಗಡಿಯ ಕಾವಿಗೆ ಪ್ರಿಯಾಂಕಾಳ ಮೈಯೆಲ್ಲ ಬೆವರುತ್ತಿತ್ತು. ಖಾರ, ಬೆಳ್ಳುಳ್ಳಿ, ಒಣರೊಟ್ಟಿ ಊಟ. ಏಳನೆಯ ದಿನ ಅಖ್ತರಿ ಬಂದು ಹೊರಸಿನ ಪಕ್ಕ ಕೂತು, "ನೀರು ಎಷ್ಟು ಕುಡೀತಿ ಪ್ರಿಯಾ?" ಅಂದಳು. ಪ್ರಿಯಾಂಕಾ ಆಯಿಯ ಮುಖ ನೋಡಿದಳು. ಬಾಗಿಲಲ್ಲಿ ನಿಂತ ಆಯಿ ಎರಡೂ ಅಂಗೈ ಬಿಡಿಸಿ ಹತ್ತು ಬೆರಳು ತೋರಿಸುತ್ತಿದ್ದಳು. ಪ್ರಿಯಾಂಕಾಳ ತುಟಿ ಒಣಗಿ ಸಿಪ್ಪೆಯೆದ್ದಿತ್ತು, ಆದರೂ ಅವಳಿಗೆ ನಗು ಬಂತು.

"ಹತ್ತು ಗ್ಲಾಸು, ಅಕ್ಕಾ" ಅಂದಳು.

ಎಂಟನೆಯ ದಿನ ಅವಳಿಗೆ ತಲೆನೋವು ಶುರುವಾಯಿತು. ಸಾದಾ ತಲೆನೋವಲ್ಲ, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವಂಥದ್ದು. ತಾಯಿ ಮಮತಾ ಹಣೆಗೆ ಬಟ್ಟೆ ಬಿಗಿದಳು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮರುದಿನ ವಾಂತಿಯೂ ಆಯಿತು.

"ಅತ್ತೀ, ದವಾಖಾನಿಗೆ ತೋರಿಸೂಣೇನ್ರಿ?" ಎಂದು ಮಮತಾ ಅಳುಕುತ್ತ ಕೇಳಿದಳು.

"ಹಸಿ ಬಾಣಂತಿನ್ನ ಗಾಳ್ಯಾಗ ಒಯ್ತೀಯಾ? ಶೀತ ಆಗೇತಿ, ಮತ್ತೇನಿಲ್ಲ. ನೀರು ಎರಡು ಗಿಂಡಿಗೆ ಇಳಸು."

ಹೀಗೆ ಹೇಳುವಾಗ ತಿಪ್ಪವ್ವನ ದನಿ ಗಟ್ಟಿಯಿತ್ತು, ಆದರೆ ಕಣ್ಣು ಮೊಮ್ಮಗಳ ಹೊರಸಿನತ್ತ ತಿರುಗಲಿಲ್ಲ. ಯಾಕೆ ತಿರುಗಲಿಲ್ಲವೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವಳಿಗೆ ಸಿದ್ದಲಿಂಗವ್ವ ಎಂಬ ಮಗಳಿದ್ದಳು, ತಿರಕಪ್ಪನಿಗಿಂತ ದೊಡ್ಡವಳು. ನಲವತ್ತು ವರ್ಷದ ಹಿಂದೆ, ಹದಿನೆಂಟರ ವಯಸ್ಸಿನಲ್ಲಿ, ಇದೇ ಕೋಣೆಯಲ್ಲಿ ಬಾಣಂತಿಯಾಗಿದ್ದಳು. ಒಂಬತ್ತನೆಯ ದಿನ ತಲೆ ಹಿಡಿದುಕೊಂಡು, ತಾಯಿಯ ಸೆರಗು ಜಗ್ಗಿ, "ಯವ್ವಾ, ಇನ್ನೊಂದ ಗುಟಕ ಕೊಡವಾ" ಅಂದಿದ್ದಳು. ತಿಪ್ಪವ್ವನ ಅತ್ತೆ ಹೊಲಕ್ಕೆ ಹೋಗಿದ್ದಳು. ತಿಪ್ಪವ್ವನ ಜೀವ ತಡೆಯದೆ ಕದ್ದು ಅರ್ಧ ಗಿಂಡಿ ಹೆಚ್ಚು ಕುಡಿಸಿದ್ದಳು. ಹನ್ನೊಂದನೆಯ ದಿನ ಸಿದ್ದಲಿಂಗವ್ವನಿಗೆ ಕೈಕಾಲು ಸೆಟೆದು ಜೀವ ಹೋಯಿತು. ಕೂಸನ್ನು ಮುಂಡರಗಿಯ ಗಂಡನ ಮನೆಯವರು ಒಯ್ದರು. ಅರ್ಧ ಗಿಂಡಿಯ ಸುದ್ದಿ ತಿಳಿದ ಅತ್ತೆ, "ನಿನ್ನ ಕೈಯಾರೆ ಮಗಳನ್ನ ಕೊಂದಿ" ಅಂದಳು. ತಿಪ್ಪವ್ವ ಅದನ್ನು ನಂಬಿದಳು. ಅಂದಿನಿಂದ ಯಾವ ಮನೆಯ ಮಗಳಿಗೂ ಹಾಗಾಗಬಾರದೆಂದು ಗಿಂಡಿ ಹಿಡಿದು ಕಾವಲು ನಿಂತವಳು, ಮತ್ತೆ ಒಂದು ತೊಟ್ಟೂ ಹೆಚ್ಚು ಹಾಕಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಕೂಸಿಗೆ ಎರೆದು ತಂದು, "ತಗೋ ನನ್ನವ್ವಾ, ಹಾಲು ಕೊಡು" ಎಂದು ಒಡ್ಡಿದಾಗ ಪ್ರಿಯಾಂಕಾಳ ಬಲಗೈ ಮೇಲೇಳಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಲು ನೋಡಿದಳು. "ಆಯೀ, ನನ್ನ ಕೈ..." ಅಂದವಳ ಮಾತು ತೊದಲಿತು. ಮರುಗಳಿಗೆಯೇ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಮೈಯೆಲ್ಲ ಸೆಟೆದು ಅದುರತೊಡಗಿತು.

ತಿಪ್ಪವ್ವ ಈ ದೃಶ್ಯವನ್ನು ಹಿಂದೆ ಒಮ್ಮೆ ನೋಡಿದ್ದಳು. ಕೂಸನ್ನು ಸೊಸೆಯ ಕೈಗೆ ತುರುಕಿ, ಬಾಗಿಲಿಗೆ ಓಡಿ, ಓಣಿಯೆಲ್ಲ ಕೇಳುವಂತೆ ಕೂಗಿದಳು: "ಯಾರರ ಅಖ್ತರಿಗೆ ಫೋನ್ ಹಚ್ಚರಿ! ಗಾಡಿ ತರಸ್ರಿ! ನನ್ನ ಹುಡುಗಿ ಹೋಗ್ತಾಳ!"

ಅಂಬುಲೆನ್ಸಿನಲ್ಲಿ ಹಸಿ ಬಾಣಂತಿ ಗಾಳಿಗೆ ಹೋದಳು. ಆಗ ಶೀತದ ಮಾತನ್ನು ಯಾರೂ ಎತ್ತಲಿಲ್ಲ.

ಗದಗಿನ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಔಷಧ ಶುರುಮಾಡಿ, ಇನ್ನೂ ಎರಡು ದಿನ ಏನೂ ಹೇಳಲಾಗದು ಎಂದರು. ಸೋಮೇಶ ಡ್ಯೂಟಿಯ ಖಾಕಿ ಅಂಗಿಯಲ್ಲೇ ಬಂದು ಗೋಡೆಗೆ ಒರಗಿ ನಿಂತಿದ್ದ. ಅಖ್ತರಿ ಬೆಟಗೇರಿಯಿಂದ ಓಡಿ ಬಂದಿದ್ದಳು. ಡಾಕ್ಟರು ನಡುವಯಸ್ಸಿನ ಹೆಂಗಸು, ಇದೇ ಸೀಮೆಯವರು. ಬರೆದುಕೊಳ್ಳುತ್ತ ಕೇಳಿದರು.

"ಮನ್ಯಾಗ ನೀರು ಎಷ್ಟು ಕುಡೀತಿದ್ಲು?"

ಮಮತಾ ತಲೆ ತಗ್ಗಿಸಿ, ರೂಢಿ ಬಿದ್ದ ಮಾತನ್ನೇ ಅಂದುಬಿಟ್ಟಳು. "ಹತ್ತು ಗ್ಲಾಸು ರೀ."

"ಹೌದು ಮೇಡಂ" ಎಂದು ಅಖ್ತರಿಯೂ ದನಿಗೂಡಿಸಿದಳು. "ನಾನs ಬರಕೊಂಡೀನಿ."

ಡಾಕ್ಟರು ಪೆನ್ನು ಕಾಗದಕ್ಕೆ ಊರಿದರು.

"ಸುಳ್ಳು" ಅಂದಳು ತಿಪ್ಪವ್ವ.

ಎಲ್ಲರೂ ತಿರುಗಿದರು. ಮುದುಕಿ ಬೆಂಚಿನಿಂದ ಎದ್ದು ನಿಂತಿದ್ದಳು. "ಮೂರು ಗಿಂಡಿ ಕೊಡ್ತಿದ್ದೆ. ತಲಿನೋವು ಬಂದ ಮ್ಯಾಲ ಎರಡಕ್ಕ ಇಳಿಸಿದೆ. ಆಕಿ ಬೇಡಿದ್ರೂ ಕೊಡ್ಲಿಲ್ಲ. ಹತ್ತು ಅನ್ನಾಕ ನಾನs ಹಚ್ಚಿದ್ದು. ಬರಕೋರಿ. ಇದನ್ನ ಬರಕೋರಿ."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು. "ಅಮ್ಮಾರ, ಹಡದ ಮ್ಯಾಲ ಕೆಲವು ವಾರ ರಕ್ತ ತಾನಾಗೇ ಹೆಪ್ಪುಗಟ್ಟೂ ಕಡೆ ವಾಲ್ತೈತಿ. ರಕ್ತ ಬಾಳ ಹೋಗಬಾರ್ದಂತ ಮೈ ತಾನs ಮಾಡ್ಕೊಂಡ ವ್ಯವಸ್ಥಾ ಅದು. ಅಂಥಾದ್ರಾಗ ಮೈಯಾಗ ನೀರು ಕಡಿಮಿ ಆದ್ರ ರಕ್ತ ಇನ್ನೂ ಗಟ್ಟಿ ಆಗ್ತೈತಿ. ನೀರೊಂದರಿಂದನ ಆತು ಅಂತ ನಾ ಹೇಳೂದಿಲ್ಲ, ಬ್ಯಾರೆ ಕಾರಣನೂ ಇರ್ತಾವು. ಆದ್ರ ನೀರು ಬಿಡಿಸಿದ್ರ ಅಪಾಯ ಹೆಚ್ಚು. ತಲಿನೋವು ಬಂದ ದಿನಾನ ಕರಕೊಂಡು ಬಂದಿದ್ರ ಇನ್ನೂ ಚಲೋ ಆಗ್ತಿತ್ತು."

ತಿಪ್ಪವ್ವ ಕೇಳಿದಳು. "ಡಾಕ್ಟರ ಬಾಯಾರ, ಒಂದ ಮಾತು. ಅರ್ಧಾ ಗಿಂಡಿ ನೀರು ಹೆಚ್ಚಾದ್ರ ಬಾಣಂತಿ ಸಾಯ್ತಾಳೇನ್ರಿ?"

"ಅರ್ಧಾ ಗಿಂಡಿ ನೀರಿಂದ ಯಾರೂ ಸಾಯೂದಿಲ್ಲ ಅಮ್ಮಾರ. ಯಾಕ ಕೇಳ್ತೀರಿ?"

ನಲವತ್ತು ವರ್ಷ ತಿಪ್ಪವ್ವ ಆ ಅರ್ಧ ಗಿಂಡಿಯನ್ನು ಕೊಟ್ಟೆನಲ್ಲಾ ಎಂದು ಎದೆ ಬಡಿದುಕೊಂಡಿದ್ದಳು. ಮಗಳ ಬಾಣಂತನದಲ್ಲಿ ತಾನು ಮಾಡಿದ್ದ ಸರಿಯಾದ ಕೆಲಸ ಅದೊಂದೇ ಎಂದು ಈಗ ತಿಳಿಯಿತು. ಸಮಾಧಾನ ಪಡಬೇಕೋ, ಹೊಸದಾಗಿ ಅಳಬೇಕೋ ತಿಳಿಯದೆ ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹೊರಗಿನ ವರಾಂಡದಲ್ಲಿ ಅಖ್ತರಿ ತನ್ನ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. "ಇಪ್ಪತ್ಮೂರು ಮನಿ, ಆಯಿ. ಇಪ್ಪತ್ಮೂರೂ ಸುಳ್ಳು. ನಮ್ಮೂರಾಗ ಎಲ್ಲಾರಿಗೂ ತಿಳುವಳಿಕಿ ಐತಿ, ಇಲ್ಲೆ ಸಭಾ ಮಾಡೂದು ಬ್ಯಾಡ ಅಂತ ಬರದು ಕಳಿಸೀನಿ. ನನ್ನ ಊರನ್ನ ನಾನs ಪಟ್ಟಿಯಿಂದ ತಗದೀನಿ. ನನಗ್ಯಾಕ ಹಿಂಗ ಮಾಡಿದ್ರಿ?"

"ನೀ ಪಾಸಾಗ್ಲಿ ಅಂತ, ನನ್ನವ್ವಾ" ಅಂದಳು ತಿಪ್ಪವ್ವ.

ಅಖ್ತರಿ ಅವಳ ಮುಖವನ್ನೇ ನೋಡಿದಳು. ನಗು ಬಂತು, ನಗುವಿನ ಬೆನ್ನಿಗೇ ಅಳು. ಆಯಿಯ ತೊಡೆಯ ಮೇಲೆ ತಲೆಯಿಟ್ಟಳು. "ಇದು ನನ್ನ ಪರೀಕ್ಷಾ ಅಲ್ಲ ಆಯಿ. ನೀವು ಖರೆ ಹೇಳಿದ್ರ ಅಷ್ಟ ನಾವು ಡಾಕ್ಟರನ್ನ ಎಲ್ಲಿಗೆ ಕಳಸ್ಬೇಕು ಅಂತ ತಿಳಿಯೂದು."

ಮೂರನೆಯ ದಿನ ಪ್ರಿಯಾಂಕಾಳಿಗೆ ಸರಿಯಾಗಿ ಎಚ್ಚರವಾಯಿತು. ನರ್ಸಿನ ಅಪ್ಪಣೆ ಪಡೆದು ತಿಪ್ಪವ್ವ ಚಮಚದಲ್ಲಿ ನೀರು ಕುಡಿಸಿದಳು. ಒಂದು ಚಮಚ, ಎರಡು, ಹತ್ತು. ಹುಡುಗಿ ಆತುರದಿಂದ ಕುಡಿಯುತ್ತಿದ್ದಳು.

"ಇಷ್ಟು ನೀರಡಿಕಿ ಇದ್ರ ಯಾಕ ಜಗಳಾ ಮಾಡ್ಲಿಲ್ಲ ನನ್ನ ಕೂಡ? ಸಣ್ಣಕಿ ಇದ್ದಾಗ ಪೆಪ್ಪರಮಿಂಟಿಗೆ ಓಣಿ ಕೂಡಸ್ತಿದ್ದಿ!"

ಪ್ರಿಯಾಂಕಾ ತೊದಲುತ್ತಲೇ ಅಂದಳು. "ನೀ ಎಲ್ಲಾರ ಬಾಣಂತನ ಮಾಡಿದಾಕಿ... ನಾ ನಿನ್ನ ಪದ್ಧತಿ ಬ್ಯಾಡಂದ್ರ ನೀ ನೊಂದ್ಕೋತಿ ಅಂತ."

ಓಣಿಯವರು ಅಖ್ತರಿಯ ಮೇಲಿನ ಪ್ರೀತಿಗೆ ಸುಳ್ಳು ಹೇಳಿದರು, ಮೊಮ್ಮಗಳು ಅಜ್ಜಿಯ ಮೇಲಿನ ಪ್ರೀತಿಗೆ. ಯಾರ ಮನಸ್ಸಿನಲ್ಲೂ ಕಪಟ ಇರಲಿಲ್ಲ. ಆದರೂ ಒಂದು ಜೀವ ಹೋಗುವುದರಲ್ಲಿತ್ತು.

ಹದಿನೆಂಟು ದಿನಕ್ಕೆ ಮನೆಗೆ ಬಂದರು. ಪ್ರಿಯಾಂಕಾಳ ಮಾತು ನೆಟ್ಟಗಾಗಿತ್ತು. ಬಲಗೈಯಲ್ಲಿ ಇನ್ನೂ ಬಲ ಸಾಲದು, ದಿನಾ ವ್ಯಾಯಾಮ ಬೇಕು, ಗುಳಿಗೆ ತಿಂಗಳುಗಟ್ಟಲೆ ನುಂಗಬೇಕು ಎಂದಿದ್ದರು. ತಿಪ್ಪವ್ವ ಅಖ್ತರಿಯನ್ನು ಕರೆಸಿ, ಅವಳ ಕೈಹಿಡಿದು ಇಪ್ಪತ್ಮೂರು ಮನೆಯನ್ನೂ ಮತ್ತೆ ಸುತ್ತಿದಳು. "ಹೋದ ಸಲ ನಾ ಹೇಳಿಸಿದ್ದು ಸುಳ್ಳು. ಈಗ ಖರೆ ಹೇಳ್ರಿ" ಎಂದು ಪ್ರತಿ ಹೊಸ್ತಿಲಲ್ಲೂ ನಿಂತು ಅಂದಳು. ಹತ್ತುಗಳೆಲ್ಲ ಹೋಗಿ ಮೂರುಗಳಾದವು. ಕುರ್ತಕೋಟಿ ಪಟ್ಟಿಗೆ ಮರಳಿ ಬಂತು, ಸಭೆಯ ದಿನವೂ ಗೊತ್ತಾಯಿತು.

ಕೊನೆಗೆ ಕಟ್ಟೆಯ ಮೇಲೆ ಕೂತು, "ಇನ್ನೊಂದು ಹೆಸರು ಬರಕೋ" ಅಂದಳು. "ಸಿದ್ದಲಿಂಗವ್ವ. ವಯಸ್ಸು ಹದಿನೆಂಟು. ಮೂರು ಗಿಂಡಿ. ಒಂದ ದಿನ ಮೂರೂವರಿ."

ಈ ಎರಡು ವರ್ಷದಲ್ಲಿ ಹಡೆದವರನ್ನಷ್ಟೇ ಬರೆದುಕೊಳ್ಳಬೇಕೆಂದು ನಿಯಮವಿತ್ತು. ಅಖ್ತರಿ ಅದನ್ನು ಹೇಳಲಿಲ್ಲ. ಪುಸ್ತಕದ ಕಡೆಯ ಹಾಳೆ ತೆಗೆದು, ಆಯಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಳು.

ಎರಡು ವಾರ ಕಳೆದಿರಬೇಕು. ಫಕ್ಕೀರವ್ವನ ಸೊಸೆ ಅಂಕಿತಾ ಗಂಡು ಕೂಸು ಹಡೆದು ಮನೆಗೆ ಬಂದಳು. ಸೊಸೆಯ ಬಾಣಂತನಕ್ಕೆ ತವರಿನಲ್ಲಿ ಯಾರೂ ಇರಲಿಲ್ಲ. ಫಕ್ಕೀರವ್ವ ಬಾಗಿಲಿಗೆ ಬಂದು ಹಳೆಯ ಮಾತನ್ನೇ ಅಂದಳು. "ಆಯಿ, ಗಿಂಡಿ ಬೇಕಾಗಿತ್ತರಿ."

"ಗಿಂಡಿ ಇಲ್ಲ."

ಫಕ್ಕೀರವ್ವ ಒಳಗೆ ಇಣುಕಿದಳು. ಪ್ರಿಯಾಂಕಾ ಹೊರಸಿನ ಮೇಲೆ ಕೂತಿದ್ದಳು. ಮಮತಾ ಗಿಂಡಿಯಲ್ಲಿ ಎಣ್ಣೆ ಕಾಸಿ ತಂದು ಮಗಳ ಬಲಗೈಗೆ ತಿಕ್ಕುತ್ತಿದ್ದಳು.

"ಅಯ್ಯ! ಬಾಣಂತಿ ಗಿಂಡ್ಯಾಗ ಎಣ್ಣಿ! ಹಿರ್ಯಾರು ಕೊಟ್ಟದ್ದು ಅದು. ಆಯಿ, ನಿಮ್ಮ ಹುಡುಗಿ ನಸೀಬ ಹಂಗಿತ್ತು, ಆತು. ಅದಕ್ಕ ಪದ್ಧತಿ ಬಿಡಾಕ ಬರ್ತೈತೇನು? ನೀವs ನನ್ನ ಬಾಣಂತನ ಮಾಡಿದವರು, ಮೂರs ಗಿಂಡಿ ಕೊಟ್ರಿ, ನಾ ಬದುಕಲಿಲ್ಲೇನು?"

"ನೀ ಬದುಕಿದಿ. ನನ್ನ ಸಿದ್ದಲಿಂಗಿ ಬದುಕಲಿಲ್ಲ" ಅಂದಳು ತಿಪ್ಪವ್ವ. ನಲವತ್ತು ವರ್ಷದಲ್ಲಿ ಆ ಹೆಸರನ್ನು ಓಣಿಯ ಮುಂದೆ ಅಂದದ್ದು ಅದೇ ಮೊದಲು. "ನೀರು ಹೆಚ್ಚಾಗಿ ಸತ್ತಾಳ ಅಂತ ತಿಳದು ನಿಮಗೆಲ್ಲಾ ನೀರು ತಪ್ಪಿಸಿದೆ, ಫಕ್ಕೀರವ್ವ. ನೀರಿಲ್ಲದ ಸತ್ಲು ಆಕಿ. ಬದುಕಿದವರನ್ನ ಎಣಿಸಿಕೋತ ಕುಂತೆ, ಸತ್ತಾಕಿನ್ನ ಕೇಳ್ಲಿಲ್ಲ. ಆ ಗಿಂಡಿ ಇನ್ನ ಯಾರ ಮನಿಗೂ ಬರೂದಿಲ್ಲ. ನಾ ಬರ್ತೀನಿ, ನಡಿ."

ಅವಳು ಒಳಗೆ ಹೋಗಿ ದೊಡ್ಡ ಹಿತ್ತಾಳೆ ತಂಬಿಗೆ ತೊಳೆದು, ಕಾಯಿಸಿ ಆರಿಸಿದ ನೀರನ್ನು ಕಂಠಮಟ್ಟ ತುಂಬಿದಳು. ಹೊರಡುವಾಗ ಪ್ರಿಯಾಂಕಾ ಬಲಗೈಯನ್ನು ಕಷ್ಟಪಟ್ಟು ಎತ್ತಿ, ಹೋಗಿ ಬಾ ಎನ್ನುವಂತೆ ಆಡಿಸಿದಳು. ನಿನ್ನೆ ಅಷ್ಟು ಎತ್ತರ ಬಂದಿರಲಿಲ್ಲ. ಫಕ್ಕೀರವ್ವ ಆ ಕೈಯನ್ನೇ ನೋಡುತ್ತ ನಿಂತು, ಮುದುಕಿಯ ಹಿಂದೆ ನಡೆದಳು.

ಅಂಕಿತಾ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಳು. ತಿಪ್ಪವ್ವ ಮೊದಲು ಕಿಟಕಿ ತೆರೆದಳು. ಆಮೇಲೆ ಹೊರಸಿನ ಅಂಚಿಗೆ ಕೂತು, ಹುಡುಗಿಯನ್ನು ಎಬ್ಬಿಸಿ, ಗ್ಲಾಸಿಗೆ ನೀರು ಬಗ್ಗಿಸಿ ಕೊಟ್ಟಳು. ಅವಳು ಗಟಗಟನೆ ಕುಡಿದಳು. ಖಾಲಿ ಗ್ಲಾಸನ್ನು ಹಿಡಿದುಕೊಂಡೇ ಒಮ್ಮೆ ಅತ್ತೆಯ ಕಡೆ, ಒಮ್ಮೆ ತಂಬಿಗೆಯ ಕಡೆ ನೋಡಿದಳು.

"ಆಯಿ... ಇನ್ನೊಂದ ಗುಟಕ ಕೊಡ್ತೀರೇನ್ರಿ?"

ತಿಪ್ಪವ್ವನಿಗೆ ಆ ಮಾತು ಹೊಸದಾಗಿರಲಿಲ್ಲ. ಕಣ್ಣು ತುಂಬಿ ಗ್ಲಾಸು ಮಸುಕಾಗಿ ಕಾಣುತ್ತಿತ್ತು. ಚೆಲ್ಲಬಾರದೆಂದು ಎರಡೂ ಕೈಯಲ್ಲಿ ತಂಬಿಗೆ ಹಿಡಿದಳು.

"ಕುಡಿ, ನನ್ನ ಮಗಳ" ಅಂದಳು. "ಸಾಕು ಅಂತ ನೀನs ಹೇಳ್ಬೇಕು, ನಾ ಹೇಳೂದಿಲ್ಲ."

ಅಂಕಿತಾ ಮೂರನೆಯ ಗ್ಲಾಸಿಗೆ ಸಾಕು ಅಂದಳು. ತಿಪ್ಪವ್ವ ತಂಬಿಗೆಯನ್ನು ಅವಳ ಕೈಗೆ ಎಟುಕುವಲ್ಲಿ ಇಟ್ಟು, ಕೂಸಿಗೆ ಎರೆಯಲು ಎತ್ತಿಕೊಂಡಳು.